ತೇಲಲೂ ಬೇಕು, ಹಾರಲೂ ಬೇಕು



ಹಬ್ಬಕ್ಕೋ ಮದುವೆಗೋ ವಿಮಾನದಲ್ಲಿ ಊರಿಗೆ ಹೋಗಿಬರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮುಂದಿನ ಸಲ ರೆಕ್ಕೆಯ ಹತ್ತಿರದ ಕಿಟಕಿ ಸೀಟು ಸಿಕ್ಕರೆ ಒಂದು ವಿಷಯ ಗಮನಿಸಿ. ವಿಮಾನ ಇಳಿಯುವ ಹೊತ್ತಿಗೆ ರೆಕ್ಕೆಯ ಹಿಂದಿನ ಅಂಚು ಮೆಲ್ಲನೆ ಹೊರಚಾಚಿ ಕೆಳಕ್ಕೆ ಬಾಗುತ್ತದೆ. ಅದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ವೇಗ ಕಡಿಮೆಯಾದಾಗಲೂ ವಿಮಾನವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಉಪಾಯ ಅದು. ಈ ಉಪಾಯವನ್ನು ಹೊತ್ತು ನಿಜವಾಗಿ ಸೇವೆಗೆ ಇಳಿದ ಮೊದಮೊದಲ ವಿಮಾನಗಳಲ್ಲಿ ಒಂದರ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳುತ್ತೇನೆ. ಅದು ಪ್ರಯಾಣಿಕರ ವಿಮಾನವಲ್ಲ. ಸಮುದ್ರದ ಮೇಲೆ ತೇಲುತ್ತಿದ್ದ, ಜೋಡಿ ರೆಕ್ಕೆಯ, ಒಬ್ಬನೇ ಕೂರಬಹುದಾದ ಪುಟ್ಟ ಯುದ್ಧವಿಮಾನ. ಅದರ ದೊಡ್ಡ ಕಷ್ಟ ಒಂದೇ: ನೀರು ಅದನ್ನು ಬಿಡುತ್ತಿರಲಿಲ್ಲ.

ಸ್ಕೇಟಿಂಗ್ ಅಂಗಳದಲ್ಲಿ ಹುಟ್ಟಿದ್ದು

ಲಂಡನ್ ಪಕ್ಕದ ಕಿಂಗ್‌ಸ್ಟನ್‌ನಲ್ಲಿ ಒಂದು ಹಳೆಯ ಸ್ಕೇಟಿಂಗ್ ಅಂಗಳವಿತ್ತು. 1912ರಲ್ಲಿ ಥಾಮಸ್ ಸಾಪ್‌ವಿತ್ ಎಂಬ ಇಪ್ಪತ್ತನಾಲ್ಕರ ಯುವಕ ಅಲ್ಲಿ ವಿಮಾನ ಕಟ್ಟುವ ಕೆಲಸ ಶುರುಮಾಡಿದ. ನೆಲ ನುಣುಪಾಗಿ ಸಮತಟ್ಟಾಗಿತ್ತು, ನಡುವೆ ಕಂಬಗಳಿರಲಿಲ್ಲ. ಮರದ ಚೌಕಟ್ಟು ಹರಡಿಕೊಂಡು ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಅವನ ಜತೆಗಿದ್ದವರು ಫ್ರೆಡ್ ಸಿಗ್ರಿಸ್ಟ್ ಎಂಬ ಮೆಕ್ಯಾನಿಕ್ ಮತ್ತು ಆಸ್ಟ್ರೇಲಿಯಾದಿಂದ ಬಂದಿದ್ದ ಹ್ಯಾರಿ ಹಾಕರ್ ಎಂಬ ಹುಡುಗ. ಹಾಕರ್ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

1913ರ ನವೆಂಬರಿನಲ್ಲಿ ಇವರು ಟ್ಯಾಬ್ಲಾಯ್ಡ್ ಎಂಬ ಚಿಕ್ಕ ವಿಮಾನವೊಂದನ್ನು ಹೊರತಂದರು. ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದ ವಿಮಾನ. ಎಂಟು ಮೀಟರಿಗಿಂತ ತುಸು ಕಡಿಮೆ ಅಗಲದ ಜೋಡಿ ರೆಕ್ಕೆ. ಆ ಕಾಲಕ್ಕೆ ಅದು ಗಂಟೆಗೆ ಸುಮಾರು 148 ಕಿಲೋಮೀಟರ್ ವೇಗ ಮುಟ್ಟಿದ್ದು ದೊಡ್ಡ ಸುದ್ದಿಯಾಯಿತು.

ಅದೇ ಹೊತ್ತಿಗೆ ಫ್ರಾನ್ಸಿನ ಶ್ರೀಮಂತ ಜಾಕ್ ಶ್ನೈಡರ್ ನೀರಿನಿಂದ ಹಾರುವ ವಿಮಾನಗಳಿಗಾಗಿ ಒಂದು ಟ್ರೋಫಿ ಇಟ್ಟಿದ್ದ. ನೀರಿನಿಂದ ಹಾರಬೇಕಾದರೆ ಚಕ್ರ ತೆಗೆದು ಫ್ಲೋಟ್ ಕಟ್ಟಬೇಕು. ಫ್ಲೋಟ್ ಎಂದರೆ ಒಳಗೆ ಪೊಳ್ಳಾದ, ಮುಚ್ಚಿದ ದೋಣಿಯಂಥದು. ಸಾಪ್‌ವಿತ್ ಬಳಗ ಮೊದಲು ನಡುವೆ ಒಂದೇ ಫ್ಲೋಟ್ ಕಟ್ಟಿತು. ಹ್ಯಾಂಬಲ್ ನದಿಯಲ್ಲಿ ಎಂಜಿನ್ ಚಾಲೂ ಮಾಡಿದ್ದೇ ತಡ, ವಿಮಾನ ಮಗುಚಿಕೊಂಡಿತು. ಪೈಲಟ್ ಹೋವರ್ಡ್ ಪಿಕ್ಸ್‌ಟನ್ ನೀರಿಗೆ ಬಿದ್ದ. ವಿಮಾನವೂ ನೀರಿನಲ್ಲೇ ರಾತ್ರಿ ಕಳೆಯಿತು. ಸ್ಪರ್ಧೆಗೆ ಉಳಿದಿದ್ದು ಕೆಲವೇ ದಿನ. ಹೊಸ ಫ್ಲೋಟ್ ಕಟ್ಟಲು ಸಮಯವೆಲ್ಲಿ? ಇದ್ದ ಫ್ಲೋಟನ್ನೇ ಉದ್ದಕ್ಕೆ ಗರಗಸದಿಂದ ಕೊಯ್ದು ಎರಡು ಮಾಡಿದರು. ಬಾಯಿಗೆ ಹಲಗೆ ಹೊಡೆದರು, ಒಂದೊಂದು ಕಡೆಗೆ ಒಂದೊಂದು ಕಟ್ಟಿದರು. ವಿಮಾನ ನೆಟ್ಟಗೆ ನಿಂತಿತು.

1914ರ ಏಪ್ರಿಲ್ 20ರಂದು ಮೊನಾಕೋದಲ್ಲಿ ಸ್ಪರ್ಧೆ. ಹತ್ತು ಕಿಲೋಮೀಟರಿನ ದಾರಿಯಲ್ಲಿ 28 ಸುತ್ತು. ನಡುವೆ ಒಂಬತ್ತು ಸಿಲಿಂಡರುಗಳಲ್ಲಿ ಒಂದು ಸರಿಯಾಗಿ ಉರಿಯದೆ ಮುನಿಸಿಕೊಂಡರೂ ಪಿಕ್ಸ್‌ಟನ್ ಗಂಟೆಗೆ ಸರಾಸರಿ 139 ಕಿಲೋಮೀಟರ್ ವೇಗದಲ್ಲಿ ಹಾರಿ ಗೆದ್ದ. ಹಿಂದಿನ ವರ್ಷ ಗೆದ್ದವನ ವೇಗ ಇದರ ಅರ್ಧದಷ್ಟು ಮಾತ್ರ ದಾಖಲಾಗಿತ್ತು. ಗೆದ್ದ ಮೇಲೂ ನಿಲ್ಲಿಸದೆ ಎರಡು ಸುತ್ತು ಹೆಚ್ಚಿಗೆ ಹಾರಿ 300 ಕಿಲೋಮೀಟರಿನ ದಾಖಲೆಯನ್ನೂ ಮಾಡಿಕೊಂಡು ಬಂದ.

ಮೂರು ತಿಂಗಳು ಕಳೆಯಿತು. ಮೊದಲ ಮಹಾಯುದ್ಧ ಶುರುವಾಯಿತು.

ಆಕಾಶದ ಹಡಗಿನ ಹೆದರಿಕೆ

ಬ್ರಿಟನ್ನಿನ ಸುತ್ತ ಸಮುದ್ರ. ಆ ಸಮುದ್ರಕ್ಕೆ ಕಾವಲಾಗಿ ಜಗತ್ತಿನಲ್ಲೇ ದೊಡ್ಡ ನೌಕಾಪಡೆ. ಶತ್ರು ತಮ್ಮ ಮನೆಯ ಮೇಲೆ ಬಂದು ಬಾಂಬು ಹಾಕಿಯಾನು ಎಂದು ಅಲ್ಲಿನ ಜನ ಎಣಿಸಿರಲಿಲ್ಲ. 1915ರ ಜನವರಿ 19ರ ರಾತ್ರಿ ಜರ್ಮನಿಯ ಝೆಪೆಲಿನ್‌ಗಳು ಬಂದವು. ಹೈಡ್ರೋಜನ್ ತುಂಬಿದ, 150 ಮೀಟರಿಗೂ ಉದ್ದನೆಯ ಗಾಳಿಹಡಗುಗಳು. ಗ್ರೇಟ್ ಯಾರ್ಮತ್ ಮತ್ತು ಕಿಂಗ್ಸ್ ಲಿನ್ ಎಂಬ ಕರಾವಳಿ ಊರುಗಳಲ್ಲಿ ನಾಲ್ಕು ಜನ ಸತ್ತರು. ಮೇ 31ರಂದು ಲಂಡನ್ ಮೇಲೂ ಬಾಂಬು ಬಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಗಾಳಿಹಡಗುಗಳ ದಾಳಿಯಲ್ಲಿ ಐನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ಮಲಗಿದ್ದ ಹೆಂಗಸರು ಮಕ್ಕಳೂ ಅವರಲ್ಲಿದ್ದರು.

1916ರ ಫೆಬ್ರುವರಿಯವರೆಗೆ ಬ್ರಿಟನ್ನಿನ ಆಕಾಶ ಕಾಯುವ ಹೊಣೆ ಇದ್ದದ್ದು ನೌಕಾಪಡೆಯ ತಲೆಯ ಮೇಲೆ. ಝೆಪೆಲಿನ್‌ಗಳು ಬರುವುದು ಉತ್ತರ ಸಮುದ್ರ ದಾಟಿ. ದಡಕ್ಕೆ ಬಂದ ಮೇಲೆ ಕತ್ತಲಲ್ಲಿ ಹುಡುಕುವುದಕ್ಕಿಂತ ನಡು ಸಮುದ್ರದಲ್ಲೇ ತಡೆದರಾಗದೆ? ಇನ್ನೂ ಮುಂದೆ ಹೋಗಿ ಅವು ತಂಗುವ ಶೆಡ್ಡಿನಲ್ಲೇ ಸುಟ್ಟರಾಗದೆ? ಆದರೆ ಅಂದಿನ ವಿಮಾನಕ್ಕೆ ಬ್ರಿಟನ್ನಿನಿಂದ ಹೊರಟು ಜರ್ಮನಿಯ ಶೆಡ್ಡು ಮುಟ್ಟಿ ವಾಪಸು ಬರುವಷ್ಟು ಪೆಟ್ರೋಲ್ ಹಿಡಿಯುತ್ತಿರಲಿಲ್ಲ. ಹಾಗಾದರೆ ವಿಮಾನವನ್ನು ಹಡಗಿನಲ್ಲಿ ಹೊತ್ತೊಯ್ದು ಶತ್ರುವಿನ ಹೊಸ್ತಿಲಲ್ಲಿ ನೀರಿಗಿಳಿಸೋಣ, ಅಲ್ಲಿಂದ ಹಾರಲಿ, ಮರಳಿ ಬಂದು ನೀರಿನಲ್ಲೇ ಇಳಿಯಲಿ, ಕ್ರೇನಿನಿಂದ ಎತ್ತಿಕೊಳ್ಳೋಣ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು.

ಮೊನಾಕೋದಲ್ಲಿ ಗೆದ್ದ ವಿಮಾನ ನೆನಪಾಯಿತು. 1914ರ ನವೆಂಬರಿನಲ್ಲೇ ನೌಕಾಪಡೆ ಅದೇ ನಮೂನೆಯ ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಟ್ರೋಫಿಯ ಹೆಸರೇ ವಿಮಾನದ ಹೆಸರಾಯಿತು: ಸಾಪ್‌ವಿತ್ ಶ್ನೈಡರ್. 1915ರಲ್ಲಿ ಎಂಜಿನ್ ಬದಲಿಸಿ ಸುಧಾರಿಸಿದ ನಮೂನೆ ಬಂತು. ಅದಕ್ಕೆ ಮುದ್ದಾದ ಹೆಸರು, ಬೇಬಿ.

ಬೇಬಿಯ ಕಷ್ಟಗಳು

ಈ ಬೇಬಿಯ ಮೂತಿಯಲ್ಲಿದ್ದದ್ದು ರೋಟರಿ ಎಂಜಿನ್. ನಮ್ಮ ಕಾರು, ಬೈಕುಗಳ ಎಂಜಿನ್‌ನಲ್ಲಿ ಸಿಲಿಂಡರ್ ನಿಂತಿರುತ್ತದೆ, ಒಳಗಿನ ದಂಡ ತಿರುಗುತ್ತದೆ. ರೋಟರಿಯಲ್ಲಿ ಎಲ್ಲ ತಿರುಗುಮುರುಗು. ದಂಡ ನಿಂತಿರುತ್ತದೆ, ಸಿಲಿಂಡರುಗಳೆಲ್ಲ ಪ್ರೊಪೆಲರ್ ಜತೆಗೇ ಗಿರಗಿರನೆ ಸುತ್ತುತ್ತವೆ. ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತೆ? ನಮ್ಮ ಅಜ್ಜಿಯಂದಿರು ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ! ಅದು ಪೆಟ್ರೋಲಿನೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ ಎಂಬುದೇ ಅದರ ಹಿರಿಮೆ. ಉರಿದು ಉಳಿದ ಎಣ್ಣೆ ಹಿಂದಕ್ಕೆ ಸಿಡಿದು ಪೈಲಟ್‌ನ ಮುಖ, ಕನ್ನಡಕ, ಅಂಗಿಯನ್ನೆಲ್ಲ ತೋಯಿಸುತ್ತಿತ್ತು.

ಆಯುಧವೆಂದರೆ ಒಂದು ಲೂಯಿಸ್ ಮೆಷಿನ್‌ಗನ್. ಝೆಪೆಲಿನ್ ಯಾವಾಗಲೂ ತಲೆಯ ಮೇಲೇ ಇರುತ್ತದಲ್ಲ, ಹಾಗಾಗಿ ಎಷ್ಟೋ ವಿಮಾನಗಳಲ್ಲಿ ಅದನ್ನು ಮೇಲಿನ ರೆಕ್ಕೆಯ ಸಂದಿಯಿಂದ ಆಕಾಶಕ್ಕೆ ಮುಖಮಾಡಿ ಕೂರಿಸುತ್ತಿದ್ದರು. ಜತೆಗೆ ಒಂದೆರಡು ಸಣ್ಣ ಬಾಂಬು, ಇಲ್ಲವೇ ಗಾಳಿಹಡಗಿನ ಬೆನ್ನ ಮೇಲೆ ಸುರಿಯುವ ಸ್ಫೋಟಕ ಮೊಳೆಗಳು.

ಆದರೆ ಮೊನಾಕೋದ ತಿಳಿನೀರು ಬೇರೆ, ಉತ್ತರ ಸಮುದ್ರ ಬೇರೆ. ಸ್ಪರ್ಧೆಯ ದಿನ ಪಿಕ್ಸ್‌ಟನ್ ಮೆಷಿನ್‌ಗನ್ ಹೊತ್ತಿರಲಿಲ್ಲ, ಬಾಂಬು ಹೊತ್ತಿರಲಿಲ್ಲ. ಯುದ್ಧದ ವಿಮಾನ ಅದನ್ನೆಲ್ಲ ಹೊತ್ತು, ಅದರ ಮೇಲೆ ಫ್ಲೋಟ್‌ಗಳ ಭಾರವನ್ನೂ ಹೊರಬೇಕು. ನೀರಿನಿಂದ ಮೇಲೇಳಲು ಮೊದಲು ಫ್ಲೋಟ್ ನೀರನ್ನು ಸೀಳಿ ಅದರ ಮೇಲೆ ಜಾರುವಷ್ಟು ವೇಗ ಬರಬೇಕು. ಅಲೆ ಜೋರಾದರೆ ಫ್ಲೋಟ್ ಒಡೆಯುತ್ತದೆ, ಎರಚಿದ ನೀರು ಬಡಿದು ಮರದ ಪ್ರೊಪೆಲರ್ ಸೀಳುತ್ತದೆ. ಹಾಗೆಂದು ಸಮುದ್ರ ಕನ್ನಡಿಯಂತೆ ಶಾಂತವಾಗಿದ್ದರೂ ಕಷ್ಟವೇ, ಆಗ ನೀರು ಫ್ಲೋಟಿನ ತಳಕ್ಕೆ ಅಂಟಿಕೊಂಡು ಬಿಡುವುದೇ ಇಲ್ಲ. ಸಣ್ಣ ತೆರೆ, ಎದುರಿನಿಂದ ಹದವಾದ ಗಾಳಿ, ಸರಿಯಾಗಿ ಓಡುವ ಎಂಜಿನ್, ಮೂರೂ ಒಟ್ಟಿಗೆ ಕೂಡಿಬರಬೇಕು.

ಹೇಗೋ ಎದ್ದಿತು ಎನ್ನಿ. ಗಾಳಿಗೆ ಅಡ್ಡವಾಗಿ ಎರಡು ದೋಣಿಗಳನ್ನು ಎಳೆದುಕೊಂಡು ಮೇಲೇರಬೇಕು. ಮೂರು ಸಾವಿರ ಮೀಟರ್ ಎತ್ತರಕ್ಕೆ ಹೋಗಲು ಬೇಬಿಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಝೆಪೆಲಿನ್ ನಾಯಕನಿಗೋ ಒಂದಿಷ್ಟು ನೀರಿನ ಭಾರ ಕೆಳಗೆ ಸುರಿದರೆ ಸಾಕು, ಹಡಗು ಬಲೂನಿನಂತೆ ಮೇಲಕ್ಕೆ ಹೋಗಿಬಿಡುತ್ತಿತ್ತು.

ಇನ್ನೊಂದು ಅಪಾಯ ಹಡಗಿನವರದು. ವಿಮಾನವನ್ನು ಕ್ರೇನಿನಿಂದ ಇಳಿಸಲು, ಮತ್ತೆ ಎತ್ತಿಕೊಳ್ಳಲು ತಾಯಿಹಡಗು ನಡು ಸಮುದ್ರದಲ್ಲಿ ನಿಲ್ಲಬೇಕು. ಜರ್ಮನ್ ಸಬ್‌ಮರೀನುಗಳಿದ್ದ ನೀರಿನಲ್ಲಿ ನಿಂತ ಹಡಗೆಂದರೆ ಗುರಿ ಹಲಗೆ ಇದ್ದಂತೆ.

1916ರ ಮೇ 4

ಈ ಕಷ್ಟಗಳೆಲ್ಲ ಒಂದೇ ಬೆಳಗಿನಲ್ಲಿ ಒಟ್ಟಾಗಿ ಎದುರಾದ ದಿನ ಇದು. ಟೊಂಡರ್ನ್ ಎಂಬ ಊರಿನಲ್ಲಿ ಝೆಪೆಲಿನ್‌ಗಳ ಶೆಡ್ಡುಗಳಿದ್ದವು. ಅಂದು ಜರ್ಮನಿಗೆ ಸೇರಿದ್ದ ಆ ಊರು 1920ರ ಜನಮತದ ನಂತರ ಡೆನ್ಮಾರ್ಕಿನದಾಗಿದೆ. ವಿಂಡೆಕ್ಸ್, ಎಂಗಡೀನ್ ಎಂಬ ಎರಡು ಹಡಗುಗಳು ಹನ್ನೊಂದು ಬೇಬಿಗಳನ್ನು ಹೊತ್ತು ಜರ್ಮನ್ ಕರಾವಳಿಯ ಹತ್ತಿರಕ್ಕೆ ಹೋದವು. ಸುತ್ತ ಕಾವಲಿಗೆ ಯುದ್ಧನೌಕೆಗಳು. ಬೆಳಕು ಹರಿಯುವ ಹೊತ್ತಿಗೆ ಹನ್ನೊಂದನ್ನೂ ನೀರಿಗೆ ಇಳಿಸಿದರು.

ಅಲೆಗೆ ಸಿಕ್ಕಿ, ಪ್ರೊಪೆಲರ್ ಮುರಿದು, ಎಂಜಿನ್ ಕೈಕೊಟ್ಟು ಎಂಟು ವಿಮಾನಗಳು ನೀರು ಬಿಟ್ಟು ಏಳಲೇ ಇಲ್ಲ. ಎದ್ದದ್ದು ಮೂರು. ಅದರಲ್ಲಿ ಒಂದು ತಮ್ಮದೇ ಪಡೆಯ ಗೋಶಾಕ್ ಎಂಬ ಹಡಗಿನ ವೈರ್‌ಲೆಸ್ ತಂತಿಗೆ ತಗುಲಿ ಸಮುದ್ರಕ್ಕೆ ಬಿತ್ತು. ಪೈಲಟ್ ಮುಳುಗಿ ಸತ್ತ. ಎರಡನೆಯದು ಎಂಜಿನ್ ತೊಂದರೆಯಿಂದ ಅರ್ಧದಿಂದಲೇ ಮರಳಿತು. ಟೊಂಡರ್ನ್ ತಲುಪಿದ್ದು ಒಂದೇ ಒಂದು. ಅದು ಹಾಕಿದ ಬಾಂಬು ಶೆಡ್ಡಿಗೆ ತಾಗಲಿಲ್ಲ.

ಗದ್ದಲ ಏನೆಂದು ನೋಡಲು ಬಂದ ಎಲ್-7 ಎಂಬ ಝೆಪೆಲಿನ್ನನ್ನು ಅಂದು ಬ್ರಿಟಿಷರು ಹೊಡೆದುರುಳಿಸಿದ್ದು ನಿಜ. ಆದರೆ ಅದನ್ನು ಹೊಡೆದದ್ದು ಗಲಾಟಿಯಾ ಮತ್ತು ಫೀಟನ್ ಎಂಬ ಕ್ರೂಸರುಗಳ ತೋಪು, ಮುಗಿಸಿದ್ದು ಒಂದು ಸಬ್‌ಮರೀನ್. ನೀರಿಗೆ ಬಿದ್ದ ಏಳು ಜರ್ಮನ್ ಸಿಬ್ಬಂದಿಯನ್ನು ಆ ಸಬ್‌ಮರೀನೇ ಎತ್ತಿಕೊಂಡು ಕಾಪಾಡಿತು. ವಿಮಾನಗಳ ಮಟ್ಟಿಗೆ ಹೇಳುವುದಾದರೆ, ಹನ್ನೊಂದರಲ್ಲಿ ಒಂದು.

ಒಂದಲ್ಲ ಒಂದು ಉಪಾಯ

ನೌಕಾಪಡೆಯವರು ಕೈಕಟ್ಟಿ ಕುಳಿತಿರಲಿಲ್ಲ. ಟೊಂಡರ್ನ್ ದಾಳಿಗೂ ಮುಂಚೆಯೇ, 1915ರ ಆಗಸ್ಟ್ 6ರಂದು, ಕಂಪಾನಿಯಾ ಎಂಬ ಹಡಗಿನಲ್ಲಿ ಒಂದು ಪ್ರಯೋಗ ನಡೆದಿತ್ತು. ಗುಜರಿಗೆ ಹೋಗಬೇಕಿದ್ದ ಹಳೆಯ ಪ್ರಯಾಣಿಕರ ಹಡಗು ಅದು. ಮುಂಭಾಗದಲ್ಲಿ ಹಲಗೆಯ ಅಟ್ಟ ಕಟ್ಟಿ, ಶ್ನೈಡರ್ ವಿಮಾನದ ಫ್ಲೋಟ್‌ಗಳ ಅಡಿಗೆ ಚಕ್ರದ ಗಾಡಿ ಇಟ್ಟರು. ಹಡಗು ಎದುರುಗಾಳಿಗೆ ಜೋರಾಗಿ ಓಡಿತು, ವಿಮಾನ ಗಾಡಿಯ ಮೇಲೆ ಉರುಳಿ ಹಾರಿತು, ಗಾಡಿ ಕಳಚಿಕೊಂಡಿತು. ಮೇಲೇಳಲು ನೀರಿನ ಹಂಗು ತಪ್ಪಿತು. ಆದರೆ ಸ್ವಲ್ಪವೇ ಅಟ್ಟ ಉಳಿದಿತ್ತು. ಹಾರಿದ ಮೇಲೂ ಫ್ಲೋಟಿನ ಭಾರ ಹಾಗೆಯೇ ಇತ್ತು, ಇಳಿಯುವುದೂ ನೀರಿನಲ್ಲೇ.

ಥೇಮ್ಸ್ ಅಳಿವೆಯ ಬಳಿಯ ಐಲ್ ಆಫ್ ಗ್ರೇನ್‌ನಲ್ಲಿ ಪೋರ್ಟ್ ವಿಕ್ಟೋರಿಯಾ ಎಂಬ ನೌಕಾ ಪ್ರಯೋಗಶಾಲೆ ಇತ್ತು. ಅಲ್ಲಿ ಬೇಬಿಗೆ ಹೊಸ ರೆಕ್ಕೆ ತೊಡಿಸಿ ನೋಡಿದರು. ಅದು ಪಿ.ವಿ.1. ಬಳಿಕ 1916ರಲ್ಲಿ ಪಿ.ವಿ.2 ಎಂಬ ಪೂರ್ತಿ ಹೊಸ ವಿಮಾನವನ್ನೇ ಕಟ್ಟಿದರು. ಝೆಪೆಲಿನ್ ಬೇಟೆಗೆಂದೇ ರೂಪಿಸಿದ ಆ ಕಡಲವಿಮಾನಕ್ಕೆ ಡೇವಿಸ್ ತೋಪು ಇಡುವ ಯೋಜನೆ ಇತ್ತು. ಬಟ್ಟೆಯ ವಿಮಾನದಲ್ಲಿ ತೋಪು ಹಾರಿಸಿದರೆ ಹಿಂದೊತ್ತಿಗೇ ವಿಮಾನ ಚೂರಾಗದೆ? ಅದಕ್ಕಾಗಿ ಈ ತೋಪು ಮುಂದಕ್ಕೆ ಗುಂಡು ಹಾರಿಸುವಾಗಲೇ ಅಷ್ಟೇ ತೂಕದ ಸೀಸದ ಚೂರು ಮತ್ತು ಗ್ರೀಸನ್ನು ಹಿಂದಕ್ಕೆ ಎಸೆಯುತ್ತಿತ್ತು. ಜಾಣತನಕ್ಕೆ ಕೊರತೆ ಇರಲಿಲ್ಲ. ಆದರೆ ಆ ತೋಪಿನ ಯೋಚನೆಯನ್ನೇ ನೌಕಾಪಡೆ ಕೈಬಿಟ್ಟಿತು, ಪಿ.ವಿ.2 ಪ್ರಯೋಗವಾಗಿಯೇ ಉಳಿಯಿತು.

ಫೇರಿ ಕಂಪನಿ ಮಾಡಿದ್ದು ಇನ್ನೊಂದು. ಬೇಬಿಯ ರೆಕ್ಕೆಯ ಹಿಂದಿನ ಅಂಚನ್ನು ಉದ್ದಕ್ಕೂ ಕೀಲಿನ ಮೇಲೆ ಕೂರಿಸಿ, ಬೇಕಾದಾಗ ಕೆಳಕ್ಕೆ ಬಾಗಿಸುವಂತೆ ಮಾಡಿತು. ಭಾರ ಹೊತ್ತ ವಿಮಾನವೂ ಕಡಿಮೆ ವೇಗದಲ್ಲೇ ನೀರು ಬಿಟ್ಟೇಳಲಿ ಎಂಬ ಉದ್ದೇಶ. 1917ರಲ್ಲಿ ಬಂದ ಈ ಹ್ಯಾಂಬಲ್ ಬೇಬಿಯೇ ನಾನು ಮೊದಲಿಗೆ ಹೇಳಿದ ವಿಮಾನ. ನೀವು ಕಿಟಕಿಯಿಂದ ನೋಡುವ ಫ್ಲ್ಯಾಪಿನ ಹಿರಿಯ ಅದು.

ಚಕ್ರಕ್ಕೆ ಮರಳಿದ್ದು

ಕೊನೆಗೆ ದಾರಿ ತೋರಿಸಿದ್ದು ಫ್ಲೋಟನ್ನೇ ಬಿಟ್ಟುಬಿಡುವ ಧೈರ್ಯ. ಹಡಗಿನ ಮೇಲಿನ ಪುಟ್ಟ ಅಟ್ಟದಿಂದ ಚಕ್ರದ ವಿಮಾನ ಹಾರಲಿ, ಹಗುರಾಗಿ ಬೇಗ ಮೇಲೇರಲಿ, ಕೆಲಸ ಮುಗಿಸಲಿ. ಹಾಗಾದರೆ ಇಳಿಯುವುದು ಎಲ್ಲಿ? ಸಮುದ್ರದಲ್ಲೇ. ವಿಮಾನ ಹೋದರೆ ಹೋಗಲಿ, ಪೈಲಟನ್ನು ಹಡಗಿನವರು ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳಲು ಸಮಯ ಸಿಕ್ಕರೆ.

1917ರ ಆಗಸ್ಟ್ 21ರಂದು ಬರ್ನಾರ್ಡ್ ಸ್ಮಾರ್ಟ್ ಎಂಬ ಪೈಲಟ್ ಯಾರ್ಮತ್ ಎಂಬ ಕ್ರೂಸರಿನ ಪುಟ್ಟ ಅಟ್ಟದಿಂದ ಸಾಪ್‌ವಿತ್ ಪಪ್ ವಿಮಾನದಲ್ಲಿ ಹಾರಿ ಎಲ್-23 ಝೆಪೆಲಿನ್ನನ್ನು ಸುಟ್ಟು ಕೆಡವಿದ, ನೀರಿಗಿಳಿದು ಬದುಕಿ ಬಂದ. ಅದೇ ತಿಂಗಳ 2ರಂದು ಎಡ್ವಿನ್ ಡನ್ನಿಂಗ್ ಎಂಬ ಅಧಿಕಾರಿ ಓಡುತ್ತಿರುವ ಫ್ಯೂರಿಯಸ್ ಹಡಗಿನ ಮೇಲೆಯೇ ಪಪ್ ವಿಮಾನ ಇಳಿಸಿ ತೋರಿಸಿದ್ದ. ಚಲಿಸುವ ಹಡಗಿನ ಮೇಲೆ ವಿಮಾನ ಇಳಿದದ್ದು ಲೋಕದಲ್ಲೇ ಅದು ಮೊದಲು. ಐದು ದಿನಗಳ ಬಳಿಕ ಮತ್ತೆ ಇಳಿಯಲು ಹೋದಾಗ ವಿಮಾನ ಅಂಚು ದಾಟಿ ಸಮುದ್ರಕ್ಕೆ ಬಿತ್ತು. ಡನ್ನಿಂಗ್ ಉಳಿಯಲಿಲ್ಲ.

1918ರ ಜುಲೈ 19. ಮತ್ತೆ ಅದೇ ಟೊಂಡರ್ನ್. ಈ ಸಲ ಫ್ಯೂರಿಯಸ್ ಹಡಗಿನಿಂದ ಏಳು ಸಾಪ್‌ವಿತ್ ಕ್ಯಾಮಲ್‌ಗಳು ಚಕ್ರದ ಮೇಲೆ ಓಡಿ ಹಾರಿದವು. ಏಳಕ್ಕೆ ಏಳೂ ಎದ್ದವು. ಎಂಜಿನ್ ಕೆಟ್ಟು ಒಂದು ಹಿಂತಿರುಗಿತು. ಉಳಿದ ಆರು ಶೆಡ್ಡುಗಳ ಮೇಲೆ ಬಾಂಬು ಸುರಿದವು. ಎಲ್-54, ಎಲ್-60 ಎಂಬ ಎರಡು ಝೆಪೆಲಿನ್‌ಗಳು ಶೆಡ್ಡಿನೊಳಗೇ ಉರಿದುಹೋದವು. ಸ್ಮಾರ್ಟ್ ಈ ದಾಳಿಯಲ್ಲೂ ಇದ್ದ. ಅವನೂ ಇನ್ನೊಬ್ಬನೂ ಹಡಗುಗಳ ಪಕ್ಕ ನೀರಿಗಿಳಿದರು, ಮೂವರು ಡೆನ್ಮಾರ್ಕಿನಲ್ಲಿ ಇಳಿದರು. ಯೌಲೆಟ್ ಎಂಬ ಯುವಕ ಮಾತ್ರ ಸಮುದ್ರದ ಪಾಲಾದ.

ಎರಡು ದಾಳಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರು ಅದೇ, ಸಮುದ್ರ ಅದೇ, ವಿಮಾನ ಕಟ್ಟಿದ ಕಂಪನಿಯೂ ಅದೇ. ನಡುವೆ ಎರಡು ವರ್ಷ. ಮೊದಲ ದಿನ ಹನ್ನೊಂದರಲ್ಲಿ ಒಂದು ತಲುಪಿತು, ಎರಡನೆಯ ದಿನ ಏಳರಲ್ಲಿ ಆರು. ಬದಲಾದದ್ದರಲ್ಲಿ ದೊಡ್ಡದು ಫ್ಲೋಟ್ ಹೋಗಿ ಚಕ್ರ ಬಂದದ್ದು. ಸಮುದ್ರಕ್ಕೆ ಹೋಗುವ ವಿಮಾನ ತೇಲಲೇಬೇಕು ಎಂಬ ಮೊದಲ ಯೋಚನೆ ಎಷ್ಟು ಸಹಜವಾಗಿತ್ತೆಂದರೆ, ತೇಲುವ ಕೆಲಸವನ್ನು ಹಡಗಿಗೇ ಬಿಟ್ಟು ವಿಮಾನಕ್ಕೆ ಹಾರುವ ಕೆಲಸ ಮಾತ್ರ ಕೊಡಬಹುದು ಎಂದು ಒಪ್ಪಿಕೊಳ್ಳಲು ಇಷ್ಟೆಲ್ಲ ಪ್ರಯೋಗ, ಇಷ್ಟು ಪ್ರಾಣ ಬೇಕಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೇಲೆ ಚಿಮಣಿ, ಗೋಪುರ ಏನೂ ಇಲ್ಲದ, ಉದ್ದಕ್ಕೂ ಸಮತಟ್ಟಾದ ಆರ್ಗಸ್ ಹಡಗು ಸಿದ್ಧವಾಯಿತು. ವಿಮಾನ ಹಾರಲೂ ಇಳಿಯಲೂ ಪೂರ್ತಿ ಅಟ್ಟವಿದ್ದ ಮೊದಲ ಹಡಗು ಅದು. ಯುದ್ಧ ಮುಗಿಯಲು ಎರಡೇ ತಿಂಗಳಿತ್ತು.

ನಮ್ಮ ಕಡಲಿಗೂ ಬಂತು

ಈಗ ಹ್ಯಾರಿ ಹಾಕರ್ ಹೆಸರು ನೆನಪಿಸಿಕೊಳ್ಳೋಣ. ಯುದ್ಧದ ನಂತರ ಆರ್ಡರ್ ನಿಂತು, ತೆರಿಗೆಯ ಭಾರ ಬಿದ್ದು, 1920ರಲ್ಲಿ ಸಾಪ್‌ವಿತ್ ಕಂಪನಿ ಮುಚ್ಚಿತು. ಅದೇ ವರ್ಷ ಅದೇ ಬಳಗ ಹಾಕರ್ ಹೆಸರಿನಲ್ಲಿ ಹೊಸ ಕಂಪನಿ ತೆರೆಯಿತು. ಮರುವರ್ಷವೇ ಹಾಕರ್ ವಿಮಾನ ಅಪಘಾತದಲ್ಲಿ ತೀರಿಕೊಂಡ, ಹೆಸರು ಉಳಿಯಿತು. ಮುಂದೆ ಆ ಕಂಪನಿ ರೂಪಿಸಿದ ಸೀ ಹಾಕ್ ಜೆಟ್‌ಗಳೇ 1961ರಲ್ಲಿ ಭಾರತದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್‌ನ ಯುದ್ಧವಿಮಾನಗಳಾದವು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಅವು ಮಾಡಿದ ಕೆಲಸ ಹಿರಿಯ ಕೇಳುಗರಿಗೆ ನೆನಪಿರಬಹುದು. ಮುಂಬೈಯಲ್ಲಿ ಆ ಹಳೆಯ ವಿಕ್ರಾಂತ್ 2001ರಿಂದ 2012ರವರೆಗೆ ವಸ್ತುಸಂಗ್ರಹಾಲಯವಾಗಿತ್ತು, ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಅಟ್ಟದ ಮೇಲೆ ನಡೆದವರೂ ನಿಮ್ಮಲ್ಲಿರಬಹುದು. 2014ರಲ್ಲಿ ಅದು ಗುಜರಿಗೆ ಹೋಯಿತು.

ಇನ್ನೊಂದು ಸ್ವಾರಸ್ಯ. ನಮ್ಮ ನೌಕಾಪಡೆಯ ವಿಮಾನ ವಿಭಾಗ 1953ರಲ್ಲಿ ಕೊಚ್ಚಿಯಲ್ಲಿ ಶುರುವಾದಾಗ ಬಂದ ಮೊದಲ ವಿಮಾನ ಸೀಲ್ಯಾಂಡ್. ಅದಕ್ಕೆ ನೀರಿನಲ್ಲಿ ಇಳಿಯಲು ದೋಣಿಯಂಥ ಒಡಲೂ ಇತ್ತು, ನೆಲದಲ್ಲಿ ಓಡಲು ಚಕ್ರವೂ ಇತ್ತು. ನೀರಿನ ನಂಟಿನಿಂದಲೇ ಶುರುವಾಗಿ ಎಂಟೇ ವರ್ಷದಲ್ಲಿ ಹಡಗಿನ ಅಟ್ಟಕ್ಕೆ ಬಂದೆವು. ಗೋವಾದ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಸೀಲ್ಯಾಂಡ್ ಮತ್ತು ಸೀ ಹಾಕ್ ಎರಡನ್ನೂ ನೋಡಬಹುದು. ಮುಂಬೈ, ಪುಣೆಯವರಿಗೆ ಅದೇನೂ ದೂರವಲ್ಲ. ಅಲ್ಲಿಂದ ದಕ್ಷಿಣಕ್ಕೆ ಕರಾವಳಿ ಹಿಡಿದು ಬಂದರೆ ನಮ್ಮ ಕಾರವಾರ. ವಿಕ್ರಮಾದಿತ್ಯ ವಿಮಾನವಾಹಕ ನೌಕೆಯ ನೆಲೆ ಅದೇ.

ಥಾಮಸ್ ಸಾಪ್‌ವಿತ್ ಇದೆಲ್ಲವನ್ನೂ ಕಂಡ. ಸ್ಕೇಟಿಂಗ್ ಅಂಗಳದಲ್ಲಿ ಬಟ್ಟೆಯ ವಿಮಾನ ಕಟ್ಟಿದವನು ಜೆಟ್ ಯುಗವನ್ನೂ ನೋಡಿ, 1989ರ ಜನವರಿಯಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡ. ಬೇಬಿಯಲ್ಲಿ ಕುಳಿತು ಉತ್ತರ ಸಮುದ್ರಕ್ಕೆ ಹೋದ ಎಷ್ಟೋ ಹುಡುಗರಿಗೆ ಅದರ ಕಾಲುಭಾಗದ ಆಯಸ್ಸೂ ಸಿಗಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೊಂದು ಹಳೆಯ ಕಥೆಯೊಂದಿಗೆ ಸಿಗೋಣ. ಅಲ್ಲಿಯವರೆಗೆ ರೇಡಿಯೋ ಹಚ್ಚಿಟ್ಟಿರಿ, ಮನೆಯಲ್ಲಿ ಕನ್ನಡ ಮಾತಾಡುತ್ತಿರಿ. ನಮಸ್ಕಾರ.